ಎರಡು ಹರವಿ ಕಡಲೆ

ಆಕೆ ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದವನು ಯೂರಿಯಾ ಕೇಳಲು ಬಂದಿದ್ದ ಅಡರಕಟ್ಟಿಯ ಒಬ್ಬ ರೈತ. ಗೊಬ್ಬರ ಯಾವಾಗ ಬರುತ್ತದೆ ಎಂದು ಅವನು ಕೇಳಿದ, ನಾಳೆ ಎಂದು ನಾನು ಹೇಳಿದೆ. ಬಾಗಿಲವರೆಗೆ ಹೋದವನು ಏನೋ ನೆನಪಾಗಿ ತಿರುಗಿದ. "ಸಾಹೇಬ್ರ, ನೀವು ಕಲಿಯೂ ಮುಂದ ನಮ್ಮೂರಾಗ ಇದ್ರೆಲ್ಲ, ಆ ಮನಿ ಅವ್ವ ಹೋಗಿಬಿಟ್ಳ್ರಿ. ಹದಿನೈದ ದಿನ ಆತು." ನಾನು "ಹೌದಾ, ಪಾಪ" ಎಂದೆ. ಅಷ್ಟೇ ಅಂದದ್ದು. ಮುಂದಿನ ಅರ್ಜಿ ಎತ್ತಿಕೊಂಡು ಸಹಿ ಮಾಡಿದೆ. ಸಂಜೆ ಐದೂವರೆಯವರೆಗೆ ಲಕ್ಷ್ಮೇಶ್ವರದ ಆ ಕಚೇರಿಯಲ್ಲಿ ಕೂತು, ಸಾವಿನ ಸುದ್ದಿಯನ್ನೇ ಕೇಳದವನ ಹಾಗೆ ಕೆಲಸ ಮಾಡಿದೆ. ಅದು ನನಗೆ ಕಷ್ಟವೇನೂ ಆಗಲಿಲ್ಲ. ಆಕೆಯ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದು ನನಗೆ ಹನ್ನೆರಡು ವರ್ಷದ ರೂಢಿ.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾಗಿದ್ದ ಜಾಗದಲ್ಲೇ ಅಂದು ಬರೆಯದವನು, ಈಗ ಬರೆದು ದೊಡ್ಡವನಾಗುವುದು ಬೇಡ.

ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳನ್ನು ನಾಲ್ಕು ತಿಂಗಳು ಹಳ್ಳಿಯಲ್ಲಿ ಇರಿಸುತ್ತಾರೆ. ಓದಿದ್ದು ಪುಸ್ತಕದ ಬದನೆಕಾಯಿ ಆಗಬಾರದು, ಕೆಲಸಕ್ಕೆ ಹೋಗುವ ಮೊದಲು ಮಣ್ಣು ಮುಟ್ಟಬೇಕು ಎಂಬುದು ಅದರ ಉದ್ದೇಶ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ರೈತರ ಮನೆ ಗೊತ್ತುಮಾಡುತ್ತಾರೆ. ಆ ಮನೆಯವರ ಜೊತೆ ಹೊಲಕ್ಕೆ ಹೋಗಬೇಕು, ದಿನಚರಿ ಬರೆಯಬೇಕು, ಊರವರನ್ನು ಕೂಡಿಸಿ ಪ್ರಾತ್ಯಕ್ಷಿಕೆ ಮಾಡಿ ತೋರಿಸಬೇಕು, ಕೊನೆಗೆ ಒಂದು ವರದಿ ಒಪ್ಪಿಸಬೇಕು. ಪರೀಕ್ಷಕರು ಹಳ್ಳಿಗೇ ಬಂದು, ಆ ಮನೆಯ ಕಟ್ಟೆಯ ಮೇಲೆ ಕೂತು ಅಂಕ ಹಾಕುತ್ತಾರೆ. ನಮ್ಮ ತಂಡದಲ್ಲಿ ಎಂಟು ಜನ. ನನಗೆ ಅಡರಕಟ್ಟಿಯಲ್ಲಿ ಸಿಕ್ಕಿದ್ದು ಆಕೆಯ ಮನೆ.

ನಾನೋ ಬೆಟಗೇರಿಯ ಸೀರೆ ಅಂಗಡಿಯವರ ಮಗ. ರ‍್ಯಾಂಕಿಗೆ ಸಿಕ್ಕ ಸೀಟು ಅದು, ಅದಕ್ಕೇ ಕೃಷಿ ಓದಿದೆ. ಕಾಯಿಕೊರಕ ಹುಳುವಿನ ಲ್ಯಾಟಿನ್ ಹೆಸರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ, ಬಿತ್ತುವ ಕೂರಿಗೆಯನ್ನು ಮಾತ್ರ ಕೈಯಿಂದ ಮುಟ್ಟಿರಲಿಲ್ಲ. ಮೊದಲ ದಿನ ಬೂಟು ಹಾಕಿಕೊಂಡೇ ಹೊಲಕ್ಕೆ ಇಳಿದೆ. ಆಕೆ ನನ್ನ ಕಾಲನ್ನು ನೋಡಿ, "ಲೇ ತಮ್ಮಾ, ಆ ಬೂಟ ತಗೀ. ನೆಲಾ ಹೇಳೂದೆಲ್ಲಾ ನಿನ್ನ ಬೂಟಿಗೆ ತಿಳಿತೈತಿ, ನಿನಗ ತಿಳಿಯೂದಿಲ್ಲ" ಎಂದಳು.

ಆಮೇಲೆ ತನ್ನ ಹಿಮ್ಮಡಿಯನ್ನು ಎರೆಮಣ್ಣಿನಲ್ಲಿ ಊರಿ, ಅರ್ಧ ಸುತ್ತು ತಿರುಗಿಸಿ, ಕಾಲೆತ್ತಿ ತೋರಿಸಿದಳು. ಮಣ್ಣು ಹಿಮ್ಮಡಿಗೆ ಅಂಟಿಕೊಂಡು ಬಂದರೆ ಇನ್ನೂ ತಡೆಯಬೇಕು. ಕುಳಿ ಪುಡಿಯಾಗಿ ಮುಚ್ಚಿಕೊಂಡರೆ ತಡವಾಯಿತು. ಕುಳಿ ಹಾಗೇ ನಿಂತು ಅಂಚಿನಲ್ಲಿ ಸಣ್ಣಗೆ ಬಿರಿದರೆ ಬಿತ್ತಬೇಕು. ಅದು ಹದ. ನಾವು ಕಾಲೇಜಿನಲ್ಲಿ ಮಣ್ಣಿನ ತೇವ ನೋಡುವುದು ಬೇರೆ ರೀತಿ, ಮಣ್ಣನ್ನು ತೂಗಿ, ಒಂದು ಹಗಲು ಒಂದು ರಾತ್ರಿ ಒಲೆಯಂಥ ಪೆಟ್ಟಿಗೆಯಲ್ಲಿ ಒಣಗಿಸಿ, ಮತ್ತೆ ತೂಗುತ್ತೇವೆ ಎಂದು ನಾನು ಜಂಬದಿಂದಲೇ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು. "ಛಲೋ ಐತಿ. ಅಷ್ಟೊತ್ತಿಗೆ ಮಂದಿ ಬಿತ್ತಿ ಮನಿಗೆ ಬಂದಿರತಾರ" ಎಂದಳು.

ಆಕೆಯ ಗಂಡನಿಗೆ ಲಕ್ಷ್ಮೇಶ್ವರದಲ್ಲಿ ಹಿಟ್ಟಿನ ಗಿರಣಿ ಇತ್ತು. ಮುಂಜಾನೆ ಬುತ್ತಿ ಕಟ್ಟಿಕೊಂಡು ಹೋದರೆ ಮೈತುಂಬ ಹಿಟ್ಟು ಬಡಿದುಕೊಂಡು ಸಂಜೆ ಬರುತ್ತಿದ್ದರು. ಹೊಲದ ಯಾವ ತುದಿಗೆ ಏನು ಬಿತ್ತಿದೆ ಎಂಬುದು ಅವರಿಗೆ ನನ್ನಷ್ಟೇ ಗೊತ್ತಿತ್ತು. ಆದರೆ ಹೊಲದ ಉತಾರ, ಅಂದರೆ ಪಹಣಿ, ಅವರ ಹೆಸರಿನಲ್ಲಿತ್ತು. ಹಾಗಾಗಿ ನಮ್ಮ ನಮೂನೆಯಲ್ಲಿ "ಆತಿಥೇಯ ರೈತ" ಎಂಬಲ್ಲಿ ಅವರ ಹೆಸರೇ ಬಿತ್ತು. ಕೊನೆಗೆ ಕಾಲೇಜಿನವರು ಶಾಲು ಹೊದಿಸಿದ್ದೂ ಅವರಿಗೇ. ಆಕೆ ಹೆಂಗಸರ ಸಾಲಿನಲ್ಲಿ ಕೂತು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಗಂಡ ಆ ಶಾಲು ಹೊದ್ದು ಬೆವರುತ್ತಿದ್ದುದು ಆಕೆಗೆ ಮೋಜೆನಿಸಿತ್ತು.

ಓದು ಬರಹ ಬಾರದಿದ್ದರೂ ಆಕೆಗೆ ನನ್ನ ದಿನಚರಿಯ ಮೇಲೆ ಕಣ್ಣಿತ್ತು. ದಿನಾ ಊಟಕ್ಕೆ ಬಡಿಸುವ ಮೊದಲು, "ಇವತ್ತ ಏನ ಬರದಿ, ಓದಿ ಹೇಳು" ಎನ್ನುತ್ತಿದ್ದಳು. ಒಂದು ದಿನ ಓದಿದೆ: "ರೈತ ಮಹಿಳೆಗೆ ಕಳೆ ನಿರ್ವಹಣೆಯ ಮಹತ್ವವನ್ನು ತಿಳಿಸಿಕೊಡಲಾಯಿತು."

"ಯಾರು ತಿಳಿಸಿದ್ರು?"

"ನಾನ ರೀ."

"ಯಾವಾಗ? ಮುಂಜಾನಿಯಿಂದ ಕಸಾ ತಗದಾಕಿ ನಾ. ನೀ ಬದುವಿನ ಮ್ಯಾಲ ಕುಂತು ಮೊಬೈಲ್ ನೋಡಾಕತ್ತಿದ್ದಿ."

ಹೀಗೇ ಬರೆಯಬೇಕು ಅವ್ವಾರ, ಎಲ್ಲರೂ ಹೀಗೇ ಬರೆಯುತ್ತಾರೆ, ಇಲ್ಲದಿದ್ದರೆ ಅಂಕ ಬರುವುದಿಲ್ಲ ಎಂದೆ. ನಿಜವೇ. ನಮ್ಮ ಎಂಟೂ ದಿನಚರಿಗಳಲ್ಲಿ ನಾಲ್ಕು ತಿಂಗಳೂ ತಿಳಿಸಿಕೊಡಲಾಯಿತು, ಮನವರಿಕೆ ಮಾಡಲಾಯಿತು, ಮಾರ್ಗದರ್ಶನ ನೀಡಲಾಯಿತು. ಹಿಂದಿನ ವರ್ಷದವರ ದಿನಚರಿಯಲ್ಲೂ ಅದೇ ಇತ್ತು, ಅದನ್ನು ನೋಡಿಯೇ ನಾವು ಬರೆಯುತ್ತಿದ್ದೆವು. ಆಕೆ ರೊಟ್ಟಿ ತಟ್ಟೆಗೆ ಹಾಕುತ್ತ, "ಆತು ಬಿಡು, ಪಾಸಾಗು ಮದಲ" ಎಂದಳು. ಅವತ್ತಿನಿಂದ ನನಗೆ ಗೊತ್ತಾಯಿತು, ನಾನು ಕಲಿಯಲು ಬಂದವನು ಎಂದು ಆಕೆ ತಿಳಿದಿಲ್ಲ, ಪಾಸಾಗಲು ಬಂದವನು ಎಂದು ತಿಳಿದಿದ್ದಾಳೆ. ಹಾಗೆ ತಿಳಿದೂ ಕಲಿಸುತ್ತಿದ್ದಳು.

ಬೀಜದ ವಿಷಯಕ್ಕೆ ಬಂದರೆ ಆಕೆ ಬೇರೆಯೇ ಆಗಿಬಿಡುತ್ತಿದ್ದಳು. ಕಡಲೆ ಕಾಳೊಂದನ್ನು ಮುಂದಿನ ಹಲ್ಲುಗಳ ನಡುವೆ ಹಿಡಿದು ಕಡಿಯುತ್ತಿದ್ದಳು. ಕಟ್ ಎಂದು ಎರಡಾಗಬೇಕು. ಮೆತ್ತಗೆ ಕಚ್ಚಿಕೊಂಡರೆ ಮತ್ತೆ ಎರಡು ದಿನ ಬಿಸಿಲು. ಮನೆಯ ನಡುಕೋಣೆಯ ಮೂಲೆಯಲ್ಲಿ ಎರಡು ಹರವಿಗಳಿದ್ದವು, ದೊಡ್ಡ ಮಣ್ಣಿನ ಗಡಿಗೆಗಳು. ಅವುಗಳಲ್ಲಿ ಬೂದಿ ಮತ್ತು ಒಣ ಬೇವಿನ ಎಲೆ ಬೆರೆಸಿ ಬಿತ್ತನೆಯ ಕಡಲೆ ತುಂಬಿ, ಬಾಯಿಗೆ ಸಗಣಿ ಮಣ್ಣು ಮೆತ್ತಿ ಮುಚ್ಚಿದ್ದಳು. ಸಣ್ಣ ಕಾಳು, ಕಂದು ಬಣ್ಣ, ತುದಿ ಕೊಕ್ಕಿನ ಹಾಗೆ ಚೂಪು. ಆಕೆಯ ತವರು ಹೊಳೆ ದಂಡೆಯ ಸಿಂಗಟಾಲೂರು. ಮದುವೆಯಾಗಿ ಬರುವಾಗ ತಾಯಿ ಉಡಿ ತುಂಬಿ ಕಳಿಸಿದ್ದು ಈ ಕಡಲೆ. ಈಗ ಆ ಕಡೆ ನೀರಾವರಿ ಬಂದು ಎಲ್ಲರೂ ಗೋವಿನಜೋಳ, ಭತ್ತ ಎನ್ನುತ್ತಾರೆ, ಈ ಕಡಲೆಯನ್ನು ಯಾರೂ ಬಿತ್ತುವುದಿಲ್ಲ. "ನಮ್ಮ ತವರ ಮನ್ಯಾಗೂ ಇಲ್ಲ ಇದು. ನನ್ನ ಕಡೆ ಅಷ್ಟ ಐತಿ" ಎಂದು ಹೇಳುವಾಗ ಆಕೆಯ ದನಿಯಲ್ಲಿ ಹೆಮ್ಮೆ ಇರುತ್ತಿತ್ತು. ಬೇರೆ ಯಾವುದರ ಬಗ್ಗೆಯೂ ಆಕೆ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಆ ಬೀಜವನ್ನು ನಾನು ಕೆಡಿಸಿದೆ. ಹೇಗೆ ಎಂಬುದನ್ನು ಈಗ "ಕೆಡಿಸಲಾಯಿತು" ಎಂದು ಬರೆಯದೆ ನೇರವಾಗಿ ಹೇಳುತ್ತೇನೆ.

ಹಿಂಗಾರಿ ಬಿತ್ತನೆ ಹತ್ತಿರ ಬಂದಿತ್ತು. ಬೀಜೋಪಚಾರದ ಪ್ರಾತ್ಯಕ್ಷಿಕೆ ನನ್ನ ಪಾಲಿಗೆ ಬಂದಿತ್ತು. ಬೆಲ್ಲದ ನೀರು ಕಾಯಿಸಿ ಆರಿಸಿ, ಅದಕ್ಕೆ ಜೀವಾಣು ಗೊಬ್ಬರದ ಪುಡಿ ಕಲಸಿ, ಬೀಜಕ್ಕೆ ತೆಳ್ಳಗೆ ಲೇಪಿಸಿ, ನೆರಳಿನಲ್ಲಿ ಆರಿಸಿ, ಅದೇ ದಿನ ಬಿತ್ತಬೇಕು. ಪುಸ್ತಕದಲ್ಲೂ ಹಾಗೇ ಇದೆ. ತೊಂದರೆ ಏನೆಂದರೆ, ನಮ್ಮ ಗೈಡ್ ಸರ್ ನಮ್ಮ ಊರಿಗೆ ಬರುವುದು ಸೋಮವಾರ. ಫೋಟೊ ತೆಗೆಯುವುದು ಅವರು ಬಂದಾಗ. ಹೊಲವಂತೂ ಹಸ್ತಾ ಮಳೆಗೆ ತೊಯ್ದು ಇನ್ನೂ ಹದಕ್ಕೆ ಬಂದಿರಲಿಲ್ಲ.

ಆಕೆ ಮೊದಲೇ ಹೇಳಿದ್ದಳು. "ಬಿತ್ತೂ ದಿನಾ ಮುಂಜಾನೆ ಹಚ್ಚು. ಬೀಜಕ್ಕ ಒಮ್ಮಿ ನೀರು ತೋರಿಸಿದ್ರ ಅದು ನಿನ್ನ ಮಾತ ಕೇಳೂದಿಲ್ಲ, ಹುಟ್ಟಾಕ ಹೊಂಟಬಿಡತೈತಿ."

"ಸರ್ ಸೋಮವಾರನ ಬರ್ತಾರ್ರಿ ಅವ್ವಾರ. ಫೋಟೊ ಬೇಕ ಬೇಕು."

ಆಕೆ ಅಡುಗೆಮನೆಯ ಡಬ್ಬಿಯಲ್ಲಿ ಉಳಿದಿದ್ದ ತಿನ್ನುವ ಕಡಲೆಯನ್ನೆಲ್ಲ ಸುರುವಿ ಎರಡು ಸೇರು ಅಳೆದು ಕೊಟ್ಟಳು. "ಇದಕ್ಕ ಹಚ್ಚಿ ತೋರಿಸು. ಫೋಟೊದಾಗ ಯಾವ ಕಡ್ಲಿ ಆದರೇನು." ಸೋಮವಾರ ಆಕೆ ಶಿರಹಟ್ಟಿಗೆ ಹೋಗಬೇಕಿತ್ತು, ತಂಗಿಯ ಮೊಮ್ಮಗನ ತೊಟ್ಟಿಲ ಕಾರ್ಯ. ಮನೆಯ ಕೀಲಿಕೈಯನ್ನು ನನ್ನ ಕೈಯಲ್ಲಿ ಇಟ್ಟು ಹೋದಳು.

ಹನ್ನೊಂದು ಗಂಟೆಗೆ ಗೈಡ್ ಸರ್ ಬಂದರು. ಅಂಗಳದಲ್ಲಿ ತಾಡಪತ್ರಿ ಹಾಸಿ ನಡುವೆ ಎರಡು ಸೇರು ಕಡಲೆ ಗುಡ್ಡೆ ಮಾಡಿದ್ದೆ. ಸುತ್ತ ಹತ್ತು ಹನ್ನೆರಡು ಹೆಂಗಸರು. ಸರ್ ಕ್ಯಾಮೆರಾ ಕಣ್ಣಿಗೆ ಹಿಡಿದು ಇಳಿಸಿದರು. "ಇಷ್ಟ ಏನು? ಒಂದ ಹಿಡಿ ಕಾಳಿಗೆ ಇಷ್ಟ ಮಂದಿ ಕೂಡಿಸಿಯೇನು? ವರದಿ ನೋಡಿದವರು ನಗತಾರ. ಇನ್ನಷ್ಟ ಹಾಕು."

ಬೀಜ ಇಷ್ಟೇ ಇರುವುದು ಸರ್ ಎನ್ನಬಹುದಾಗಿತ್ತು. ಆಕೆ ಹೇಳಿದ್ದನ್ನು ಹೇಳಬಹುದಾಗಿತ್ತು. ನಾನು ಒಳಗೆ ಹೋಗಿ ಕುಡುಗೋಲಿನ ಹಿಡಿಯಿಂದ ಹರವಿಯ ಬಾಯಿಯ ಮಣ್ಣನ್ನು ಒಡೆದೆ. ಒಂದನ್ನು ಒಡೆದ ಮೇಲೆ ಇನ್ನೊಂದನ್ನೂ ಒಡೆದೆ. ಹೊರಗೆ ತರುವಾಗ ಪಕ್ಕದ ಮನೆಯ ಹೆಂಗಸು, "ಹರವಿ ಬಿಚ್ಚಾಕ ಆಕೀನ್ನ ಕೇಳೀಯೇನೋ?" ಎಂದಳು. "ಕೇಳೇನ್ರಿ" ಎಂದೆ. ಇಷ್ಟೊಂದು ಕಾಳಿಗೆ ಎಷ್ಟು ನೀರು ಎಂದು ಲೆಕ್ಕ ಹಾಕುವ ವ್ಯವಧಾನ ಇರಲಿಲ್ಲ, ಕಣ್ಣಂದಾಜಿನಲ್ಲಿ ಸುರಿದೆ, ಹೆಚ್ಚಾಯಿತು. ಫೋಟೊ ಬಹಳ ಚೆನ್ನಾಗಿ ಬಂತು. ವರದಿಯ ಮುಖಪುಟಕ್ಕೆ ಅದನ್ನೇ ಹಾಕಿದೆವು. ಅದರಲ್ಲಿ ನಾನು ಬೊಗಸೆಯಿಂದ ಕಡಲೆ ಎತ್ತಿ ಸುರಿಯುತ್ತಿದ್ದೇನೆ, ಹೆಂಗಸರೆಲ್ಲ ಬಗ್ಗಿ ನೋಡುತ್ತಿದ್ದಾರೆ.

ಮಧ್ಯಾಹ್ನ ಮೋಡ ಕವಿದು ಚಿತ್ತಾ ಮಳೆ ಹಿಡಿಯಿತು. ಒದ್ದೆ ಬೀಜವನ್ನು ಗಡಿಬಿಡಿಯಲ್ಲಿ ಗೋಣಿಚೀಲಗಳಿಗೆ ತುಂಬಿ ಮೂಲೆಗೆ ನಿಲ್ಲಿಸಿದೆ. ಮರುದಿನ ಮಧ್ಯಾಹ್ನ ಆಕೆ ಬಂದಳು. ಬಾಯಿ ತೆರೆದ ಖಾಲಿ ಹರವಿಗಳನ್ನು ನೋಡಿದಳು, ಚೀಲಗಳನ್ನು ನೋಡಿದಳು. ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ಹೊರಗೆ ತೆಗೆದಳು. "ಕಾವು ಬಂದೈತಿ" ಎಂದಳು. ಬೈಯುತ್ತಾಳೆ ಎಂದು ಕಾಯುತ್ತ ನಿಂತಿದ್ದೆ, ಬೈಯಲಿಲ್ಲ. ಮನೆಯ ಎರಡು ಹಗ್ಗದ ಹೊರಸು, ಚಾಪೆ, ತನ್ನ ಎರಡು ಸೀರೆ, ಎಲ್ಲದರ ಮೇಲೂ ಕಡಲೆ ಹರವಿದಳು. ಒಂದೇ ಇದ್ದ ಫ್ಯಾನನ್ನು ಅತ್ತ ಇತ್ತ ತಿರುಗಿಸಿದಳು. ಮಳೆ ನಾಲ್ಕು ದಿನ ಬಿಡಲಿಲ್ಲ. ಮೊದಲು ಕಾಳು ಬಾಯಿ ಬಿಟ್ಟಿತು, ಆಮೇಲೆ ಲೋಳೆಯಾಯಿತು, ಆಮೇಲೆ ವಾಸನೆ ಬಂತು. ಐದನೆಯ ದಿನ ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಹೊತ್ತಳು. ನಾನು ಬುಟ್ಟಿಗೆ ಕೈ ಹಾಕಲು ಹೋದೆ. "ಬ್ಯಾಡ, ನೀ ಬರಿಯೂದು ಬರಕೋ ಹೋಗು" ಎಂದಳು. ಆ ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೊಲ ಹದಕ್ಕೆ ಬಂದಾಗ ಕಡಲೆಯ ಜಾಗದಲ್ಲಿ ಬಿಳಿಜೋಳ ಬಿತ್ತಿದಳು.

ಬರೆಯುವುದನ್ನು ನಾನು ಬರೆದೆ. ವರದಿಯಲ್ಲಿ "ಎದುರಾದ ಅಡೆತಡೆಗಳು" ಎಂಬ ಅಧ್ಯಾಯ ಇರಲೇಬೇಕು. ಬೀಜ ಹಾಳಾದದ್ದು ಊರಿಗೆಲ್ಲ ಗೊತ್ತಿತ್ತು, ಮುಚ್ಚಿಡುವಂತಿರಲಿಲ್ಲ. ಹಾಗಾಗಿ ಬರೆದೆ: "ಶಿಫಾರಸಿನಂತೆ ನೆರಳಿನಲ್ಲಿ ಒಣಗಿಸುವಲ್ಲಿ ಆತಿಥೇಯ ರೈತ ಮಹಿಳೆಯು ನಿರ್ಲಕ್ಷ್ಯ ತೋರಿದ್ದರಿಂದ ಉಪಚರಿಸಿದ ಬೀಜವು ಕೆಟ್ಟಿತು." ಎಂಬತ್ತು ಪುಟದ ಆ ವರದಿಯಲ್ಲಿ ಉಳಿದೆಲ್ಲ ಕಡೆ ರೈತನೆಂದರೆ ಗಿರಣಿಯ ಯಜಮಾನರು. ಆಕೆ ರೈತಳಾಗಿದ್ದು ಈ ಒಂದು ವಾಕ್ಯದಲ್ಲಿ ಮಾತ್ರ.

ಮೌಲ್ಯಮಾಪನದ ದಿನ ಮೂವರು ಬಂದು ಕಟ್ಟೆಯ ಮೇಲೆ ಕೂತರು. ಆಕೆ ಬಾಗಿಲ ಹತ್ತಿರ ನಿಂತಿದ್ದಳು, ನಾನು ಅಂಗಳದಲ್ಲಿ. ಹಿರಿಯ ಪರೀಕ್ಷಕರು ಹಾಳೆ ತಿರುವುತ್ತ ಆ ಪುಟಕ್ಕೆ ಬಂದು ನಿಂತರು. ಅವರು ಕೆಟ್ಟವರಲ್ಲ, ವಿಚಾರಿಸಿ ತಿಳಿಯುವ ಸ್ವಭಾವದವರು. ಆ ವಾಕ್ಯವನ್ನು ಗಟ್ಟಿಯಾಗಿ ಓದಿ, ತಲೆಯೆತ್ತಿ ಕೇಳಿದರು. "ಅವ್ವಾರ, ನೀವು ಬೀಜ ಬರೋಬ್ಬರಿ ಒಣಗಿಸಲಿಲ್ಲ, ಅದಕ್ಕ ಕೆಟ್ಟಿತು ಅಂತ ಹುಡುಗ ಬರದಾನ. ಇದು ಖರೆ ಏನ್ರಿ?"

ಇಡೀ ಪದವಿಯ ಅಂಕ, ಮುಂದಿನ ಸೀಟು, ನೌಕರಿ, ಎಲ್ಲವೂ ಆ ಹೆಂಗಸಿನ ಬಾಯಲ್ಲಿತ್ತು. ಆಕೆ ನನ್ನ ಕಡೆ ನೋಡಿದಳು. ಆಮೇಲೆ ಅವರ ಕಡೆ ತಿರುಗಿ ಹೇಳಿದಳು. "ಖರೆ ರೀ. ನಾ ಊರಿಗೆ ಹೋಗಬಾರದಿತ್ತು. ಮನ್ಯಾಗ ಇದ್ದಿದ್ರ ಒಣಗಸ್ತಿದ್ದೆ. ನಂದ ತಪ್ಪು."

ಮೂವರೂ ತಲೆಯಾಡಿಸಿದರು. ಒಬ್ಬರು, ರೈತರು ಹೇಳಿದ್ದನ್ನು ಪಾಲಿಸದಿದ್ದರೆ ಎಷ್ಟು ಶಿಕ್ಷಣ ಕೊಟ್ಟರೂ ಅಷ್ಟೇ ಎಂದು ನನ್ನನ್ನೇ ಸಮಾಧಾನ ಮಾಡಿದರು. ತಂಡದಲ್ಲಿ ನನಗೇ ಹೆಚ್ಚು ಅಂಕ ಬಂತು. ಆ ವರದಿ ಮಾದರಿಯೆಂದು ಆಯ್ಕೆಯಾಗಿ, ರಟ್ಟು ಕಟ್ಟಿಸಿಕೊಂಡು ವಿಭಾಗದ ಕಪಾಟು ಸೇರಿತು. ಆಕೆ ನನ್ನನ್ನು ಕಾಪಾಡಿದಳು, ಬೇಕೆಂದೇ ಸುಳ್ಳು ಹೇಳಿ ಕಾಪಾಡಿದಳು ಎಂದು ನಾನು ನಂಬಿದೆ. ಆ ರಾತ್ರಿ ಊಟಕ್ಕೆ ಬಡಿಸುವಾಗ ಆಕೆ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡು ದಿನಕ್ಕೆ ಗಂಟುಮೂಟೆ ಕಟ್ಟಿದೆ.

ಪದವಿ ನನ್ನನ್ನು ನೌಕರಿಗೆ ತಯಾರು ಮಾಡಿತು ಎಂದು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ. ಯಾರು ತಯಾರು ಮಾಡಿದರು ಎಂಬುದು ನನಗೆ ಗೊತ್ತಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುಂಡರಗಿ ಕಡೆಯ ಒಂದು ಹೊಲದಲ್ಲಿ, ಬಿತ್ತಬಹುದೇ ಎಂದು ಹತ್ತಾರು ರೈತರು ನನ್ನ ಬಾಯಿಯನ್ನೇ ನೋಡುತ್ತ ನಿಂತರು. ನನ್ನ ನಾಲ್ಕು ವರ್ಷದ ಓದಿನಲ್ಲಿ ಆ ಕ್ಷಣಕ್ಕೆ ಉಪಯೋಗವಾಗುವ ಒಂದು ಸಾಲೂ ಇರಲಿಲ್ಲ. ಬೂಟು ಬಿಚ್ಚಿ ಹಿಮ್ಮಡಿ ಊರಿದೆ. ಅಂದಿನಿಂದ ರೈತರು ನನ್ನನ್ನು ನಂಬಿದರು. ಅವರು ಮನೆಯಿಂದ ತಂದ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುವ ಸಾಹೇಬ ಎಂದು ಶಿರಹಟ್ಟಿ, ಮುಂಡರಗಿ ಎರಡೂ ಕಡೆ ಹೆಸರಾದೆ. ಇದೆಲ್ಲ ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ ಎಂದು ಸಹೋದ್ಯೋಗಿಗಳು ಕೇಳಿದಾಗ ನಕ್ಕು ಸುಮ್ಮನಾಗುತ್ತಿದ್ದೆ. ಅಡರಕಟ್ಟಿ ಎಂಬ ಹೆಸರು ನನ್ನ ಬಾಯಿಂದ ಒಮ್ಮೆಯೂ ಬರಲಿಲ್ಲ. ಬೈಕಿನಲ್ಲಿ ಆ ಊರಿನ ತಿರುವಿನವರೆಗೆ ಎರಡು ಸಲ ಹೋದದ್ದುಂಟು. ಎರಡೂ ಸಲ ಏನಾದರೊಂದು ತುರ್ತು ಕೆಲಸ ನೆನಪಿಗೆ ಬಂದು ಹಿಂತಿರುಗಿದೆ.

ಲಕ್ಷ್ಮೇಶ್ವರಕ್ಕೆ ವರ್ಗವಾಗಿ ಬಂದ ವರ್ಷ ಆಕೆಯೇ ನನ್ನ ಮುಂದೆ ಬಂದು ನಿಂತಳು. ರಿಯಾಯಿತಿ ಬೀಜ ಕೊಡುವ ದಿನ ಅದು, ಕಚೇರಿಯ ಹೊರಗೆ ಉದ್ದ ಸಾಲು. ಕಿಟಕಿಯಿಂದ ಆಕೆಯನ್ನು ನೋಡಿದೆ. ಕೈಯಲ್ಲಿ ಗಂಡನ ಹೆಸರಿನ ಉತಾರ, ಹೆಗಲ ಮೇಲೆ ಮಡಚಿದ ಚೀಲ. ಎದ್ದು ಹೋಗಿ ಕರೆತರಬೇಕು ಎನಿಸಿತು. ಎನಿಸುತ್ತಿರುವಾಗಲೇ ಒಂದು ಕಾಗದ ಎಳೆದುಕೊಂಡು ಓದತೊಡಗಿದೆ. ಒಂದು ತಾಸಿನ ಮೇಲೆ ಆಕೆಯ ಸರದಿ ಬಂತು. ಹಿಂದಿನವರ ಕಡೆ ತಿರುಗಿ, "ಇವ್ರು ನಮ್ಮ ಮನ್ಯಾಗ ಇದ್ದು ಕಲತಾರ" ಎಂದಳು. ಇವ್ರು, ಕಲತಾರ. ಲೇ ತಮ್ಮಾ ಅಲ್ಲ. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಬೀಜದ ಚೀಲ ಬಿಚ್ಚಿಸಿಕೊಂಡು ಆಕೆ ಒಂದು ಕಡಲೆ ಕಾಳು ಎತ್ತಿ ಬಾಯಿಗೆ ಒಯ್ದಳು. ಆ ವರ್ಷ ಬಂದ ಬೀಜಕ್ಕೆ ಗುಲಾಬಿ ಬಣ್ಣದ ಔಷಧ ಲೇಪಿಸಿದ್ದರು. ನಾನು ಗಾಬರಿಯಾಗಿ, "ಕಡೀಬ್ಯಾಡ್ರಿ ಅವ್ವಾರ, ಔಷಧ ಐತಿ" ಎಂದೆ. ಆಕೆ ಕೈ ಕೆಳಗಿಳಿಸಿದಳು.

"ಹಂಗಾರ ಛಲೋ ಬೀಜ ಹೌದೋ ಅಲ್ಲೋ ಅಂತ ಹ್ಯಾಂಗ ತಿಳಕೊಳ್ಳೂದ್ರಿ?"

"ಚೀಲದ ಮ್ಯಾಲ ಬರದಿರತಾರ್ರಿ."

"ನನಗ ಓದಾಕ ಬರೂದಿಲ್ಲಲ್ರಿ." ಕಾಳನ್ನು ಚೀಲಕ್ಕೆ ಹಾಕಿ ಕೈ ಒರೆಸಿಕೊಂಡು, ಮತ್ತೆ ಕೇಳಿದಳು. "ಸಾಹೇಬ್ರ, ಇದನ್ನ ಬಿತ್ತೂತನಕಾ ಹ್ಯಾಂಗ ಇಡಬೇಕು, ನೀವ ಹೇಳಿಕೊಡ್ರಿ. ಹಿಂದಕ ಒಮ್ಮಿ ತಪ್ಪಾಗೈತಲ್ರಿ."

ಚುಚ್ಚಿದಳು ಎಂದುಕೊಂಡೆ. ಚುಚ್ಚಲಿ, ಅದು ಆಕೆಯ ಹಕ್ಕು ಎಂದುಕೊಂಡೆ. ತಲೆ ತಗ್ಗಿಸಿಯೇ, ಒಣ ಜಾಗದಲ್ಲಿ ಇಡಿ, ನೀರು ತಾಗಿಸಬೇಡಿ ಎಂದೆ. ಆಕೆ ಗಮನವಿಟ್ಟು ಕೇಳಿ, ತಲೆಯಾಡಿಸಿ, ಚೀಲ ಹೊತ್ತುಕೊಂಡು ಹೋದಳು. ಆಮೇಲೆ ನಾನು ಆಕೆಯನ್ನು ನೋಡಲಿಲ್ಲ. ಸಾವಿನ ಸುದ್ದಿ ಬಂದ ಮೇಲೂ ಆ ಮನೆಗೆ ಹೋಗಲಿಲ್ಲ.

ಮೊನ್ನೆ, ಸುದ್ದಿ ಬಂದು ತಿಂಗಳೊಳಗೆ, ಈ ವರ್ಷದ ವಿದ್ಯಾರ್ಥಿಗಳ ಮೌಲ್ಯಮಾಪನಕ್ಕೆ ಇಲಾಖೆಯ ಪರವಾಗಿ ನನ್ನನ್ನು ಕರೆದರು. ಶಿರಹಟ್ಟಿ ತಾಲೂಕಿನ ಒಂದು ಹಳ್ಳಿ. ಈ ಸಲ ಕಟ್ಟೆಯ ಮೇಲೆ ಕೂತವರಲ್ಲಿ ನಾನೂ ಒಬ್ಬ. ಅಂಗಳದಲ್ಲಿ ಒಬ್ಬ ಹುಡುಗಿ ಕೈಕಟ್ಟಿ ನಿಂತಿದ್ದಳು, ಚುರುಕಿನ ವಿದ್ಯಾರ್ಥಿನಿ. ಬಾಗಿಲಲ್ಲಿ ಆ ಮನೆಯ ಹೆಂಗಸು, ಐವತ್ತರ ಹತ್ತಿರದ ವಯಸ್ಸು. ವರದಿ ತಿರುವುತ್ತ ಹೋದೆ. ಎದುರಾದ ಅಡೆತಡೆಗಳು. "ಶಿಫಾರಸಿನಂತೆ ನೆರಳಿನಲ್ಲಿ ಒಣಗಿಸುವಲ್ಲಿ ಆತಿಥೇಯ ರೈತ ಮಹಿಳೆಯು ನಿರ್ಲಕ್ಷ್ಯ ತೋರಿದ್ದರಿಂದ." ಒಂದಕ್ಷರವೂ ಬದಲಾಗಿರಲಿಲ್ಲ.

"ಈ ವಾಕ್ಯ ಎಲ್ಲಿಂದ ತಗೊಂಡಿ?" ಎಂದೆ.

"ಮಾದರಿ ವರದಿಯಿಂದ ಸರ್. ಎಲ್ಲಾರೂ ಅದನ್ನ ನೋಡೇ ಬರಿತಾರ."

"ಬೀಜಕ್ಕ ಲೇಪನಾ ಮಾಡಿದ್ದು ಯಾವತ್ತು?"

"ಸೋಮವಾರ ಸರ್. ಗೈಡ್ ಸರ್ ಬಂದಿದ್ರಲ್ಲ."

"ಬಿತ್ತಿದ್ದು?"

"ಶುಕ್ರವಾರ ಸರ್" ಎಂದಳು ಹುಡುಗಿ. "ಪೂರಾ ಹುಟ್ಟಲಿಲ್ಲ."

ನನ್ನ ಪಕ್ಕದ ಪರೀಕ್ಷಕರಿಗೆ ಊಟದ ಹೊತ್ತಾಗಿತ್ತು. ಅವರು ಆ ಹೆಂಗಸಿನ ಕಡೆ ತಿರುಗಿ, "ಅವ್ವಾರ, ನೀವು ಒಣಗಿಸಲಿಲ್ಲಂತ, ಖರೆ ಏನ್ರಿ?" ಎಂದರು. ಆಕೆ ಸೆರಗು ಸರಿಮಾಡಿಕೊಂಡು, "ಹೌದ್ರಿ, ನಂದ ತಪ್ಪು" ಎಂದಳು.

ನಾನು ವರದಿ ಮುಚ್ಚಿದೆ. ಈ ವಾಕ್ಯ ಬರೆದವನು ನಾನು, ಹನ್ನೆರಡು ವರ್ಷದ ಹಿಂದೆ, ಆವತ್ತೇ ಇದು ಸುಳ್ಳಾಗಿತ್ತು ಎಂದೆ. ಬೀಜ ಕೆಟ್ಟದ್ದು ಫೋಟೊಗಾಗಿ ಬಿತ್ತುವ ದಿನಕ್ಕಿಂತ ಮೊದಲೇ ಒದ್ದೆ ಮಾಡಿದ್ದರಿಂದ, ಇಲ್ಲೂ ಅದೇ ಆಗಿದೆ ಎಂದೆ. ಪಕ್ಕದವರು ಮುಜುಗರದಿಂದ ಕನ್ನಡಕ ತೆಗೆದು ಒರೆಸತೊಡಗಿದರು. ಹುಡುಗಿಯ ಮುಖ ಬಿಳಿಚಿತು. ಆ ಹೆಂಗಸು ಮಾತ್ರ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

"ಹಂಗಾರ ಬೀಜ ಕೆಟ್ಟಿದ್ದು ನನ್ನಿಂದ ಅಲ್ಲೇನ್ರಿ?"

ಈ ಹೆಂಗಸು ಯಾರನ್ನೂ ಕಾಪಾಡುತ್ತಿರಲಿಲ್ಲ. ಕಲಿತವರು ಬರೆದಿದ್ದಾರೆ, ಹಾಳೆಯಲ್ಲಿ ಇದೆ, ಆದ್ದರಿಂದ ತಪ್ಪು ತನ್ನದೇ ಎಂದು ನಂಬಿದ್ದಳು. ಅಲ್ಲಿಯವರೆಗೆ ನನಗೆ ಅದು ಹೊಳೆದಿರಲೇ ಇಲ್ಲ. ಅಡರಕಟ್ಟಿಯವಳು ನನ್ನನ್ನು ನೋಡಿ ಸುಳ್ಳು ಹೇಳಿದಳು, ನನಗಾಗಿ ಹೇಳಿದಳು ಎಂದು ತಿಳಿದು ಹನ್ನೆರಡು ವರ್ಷ ಕಳೆದಿದ್ದೆ. ಆ ನಂಬಿಕೆಯಲ್ಲಿ ನಾಚಿಕೆಯಿತ್ತು, ಆದರೆ ಒಂದು ಸುಖವೂ ಇತ್ತು, ಯಾರೋ ನನ್ನನ್ನು ಅಷ್ಟು ಪ್ರೀತಿಸಿದ್ದರು ಎಂಬ ಸುಖ. ಬೀಜದ ಸಾಲಿನಲ್ಲಿ ನಿಂತು, ತಪ್ಪಾಗೈತಿ, ಹೇಳಿಕೊಡ್ರಿ ಎಂದು ಕೇಳಿದವಳು ಚುಚ್ಚಿರಲಿಲ್ಲವೇನೋ, ಕಲಿಯಲು ಕೇಳಿದ್ದಳೇನೋ. ನಲವತ್ತು ವರ್ಷ ಒಂದು ಕಾಳೂ ಕೆಡದಂತೆ ಬೀಜ ಕಾದವಳು, ನಾನು ಬರೆದ ಒಂದು ಸಾಲು ನಂಬಿ, ತನ್ನ ಕೈಯನ್ನೇ ನಂಬದೆ ಸತ್ತಳೇ? ಯಾರನ್ನು ಕೇಳಲಿ?

"ಅಲ್ರಿ ಅವ್ವಾರ, ನಿಮ್ಮ ತಪ್ಪಲ್ಲ" ಎಂದೆ. ಕೈ ಮುಗಿದಿದ್ದೆನಂತೆ. ಪಕ್ಕದವರು ಆಮೇಲೆ ಹೇಳಿದರು.

ಆಕೆ ಕಟ್ಟೆಯ ಹತ್ತಿರ ಬಂದಳು.

"ಮದಲ ಹೇಳಿದ್ರ ಆಗತಿತ್ತಲ್ರಿ. ಬೀಜಾ ಕಾದಿಡೂದು ಇನ್ನ ನನ್ನಿಂದ ಆಗೂದಿಲ್ಲ ಅಂತ ಮನ್ಯಾಗ ಉಳಿದಿದ್ದ ಬೀಜದ ಕಡ್ಲಿ ಎಲ್ಲಾ ಮಾರಿಬಿಟ್ಟೆ."